ಎಡಿಸನ್ನನ ಪ್ರಶ್ನಾವಳಿ

ಉದ್ಯೋಗಕ್ಕೆ ಜನರನ್ನು ಆರಿಸುವವನು ಕೇಳುವ ಪ್ರಶ್ನೆಗಳು ಅಭ್ಯರ್ಥಿಯ ಯೋಗ್ಯತೆಯನ್ನು ಎಷ್ಟರಮಟ್ಟಿಗೆ ಅಳೆಯುವುವೆಂಬುದು ವಿವಾದಾಸ್ಪದ. ಕೇಳಿದವನ ಮನೋಧರ್ಮವನ್ನಂತೂ ಅವು ನಿಸ್ಸಂದೇಹವಾಗಿ ಹೊರಗೆಡಹುವುವು. ಆದಕಾರಣ ಇತಿಹಾಸದ ವಿದ್ಯಾರ್ಥಿಗೆ ಹಳೆಯ ಪ್ರಶ್ನಪತ್ರಿಕೆಯೂ ಒಂದು ಆಧಾರವೇ ಸರಿ. ಥಾಮಸ್ ಆಲ್ವ ಎಡಿಸನ್ನನು ಅಮೆರಿಕದ ವೆಸ್ಟ್ ಆರೆಂಜಿನಲ್ಲಿದ್ದ ತನ್ನ ಉದ್ಯಮಕ್ಕೆ ಕಾಲೇಜು ಪದವೀಧರರನ್ನು ಆರಿಸಲು 1921ರಲ್ಲಿ ಬಳಸಿದ ಪ್ರಶ್ನಾವಳಿ ಅಂತಹುದು.

ಆಗ ಎಡಿಸನ್ನನಿಗೆ 74 ವರ್ಷ. ಅವನು ಶಾಲೆಯಲ್ಲಿ ಕಲಿತದ್ದು ಅತ್ಯಲ್ಪಕಾಲ. ಸುಮಾರು 150 ಪ್ರಶ್ನೆಗಳಿದ್ದ ಆ ಪಟ್ಟಿಯಲ್ಲಿ ವಿಷಯಗಳ ಕ್ರಮವೆಂಬುದೇ ಇರಲಿಲ್ಲ. ಫ್ರಾನ್ಸಿನ ಗಡಿಗೆ ತಾಗಿರುವ ದೇಶಗಳಾವುವು? ವೋಲ್ಗಾ ನದಿ ಎಲ್ಲಿದೆ? ಲಾಗರಿತಮ್ಮನ್ನು ಕಂಡುಹಿಡಿದವರಾರು? ಬೆಸೆಮರ್ ಯಾರು, ಅವನು ಏನು ಮಾಡಿದನು? ಲಿಯೊನಿಡಸ್ ಯಾರು? ಗ್ರೀಕ್ ವೀರನನ್ನು ಬಲ್ಲವನು ಬ್ಯಾಟರಿಯ ತಯಾರಿಕೆಗೆ ಹೇಗೆ ಹೆಚ್ಚು ಅರ್ಹನಾಗುವನೋ, ಇತಿಹಾಸದ ಅಧ್ಯಾಪಕನಾದ ನಾನೂ ಹೇಳಲಾರೆ.

ಇವುಗಳ ನಡುವೆ ಬೇರೆ ಜಾತಿಯದೊಂದು ಪ್ರಶ್ನೆ ಅಡಗಿದೆ: 20 ಅಡಿ, 30 ಅಡಿ, 10 ಅಡಿ ಅಳತೆಯ ಕೋಣೆಯಲ್ಲಿರುವ ಗಾಳಿಯ ತೂಕವೆಷ್ಟು? ಕೋಣೆಯ ಗಾತ್ರ 6000 ಘನ ಅಡಿ. ಒಂದು ಘನ ಅಡಿ ಗಾಳಿ ಪೌಂಡಿನ ಹದಿಮೂರನೆಯ ಒಂದು ಭಾಗದಷ್ಟು ತೂಗುವುದಾದುದರಿಂದ, ಉಷ್ಣತೆಗೆ ತಕ್ಕಂತೆ ಉತ್ತರವು 450ರಿಂದ 480 ಪೌಂಡಿನವರೆಗೆ ಬರುತ್ತದೆ. ಗಾಳಿಗೆ ತೂಕವೇ ಇಲ್ಲವೆಂಬಂತೆ ಬದುಕುವ ನಮಗೆ ಇದು ಬೆರಗು. ಎಂಜಿನಿಯರನಿಗೆ ಕೇಳತಕ್ಕ ಪ್ರಶ್ನೆಯೆಂದರೆ ಇದೇ ಎಂದು ನನ್ನ ಅಭಿಪ್ರಾಯ.

ಯೌವನದಲ್ಲಿ ಎಡಿಸನ್ನನ ರೀತಿಯೂ ಹೀಗೆಯೇ ಇದ್ದಿತೆನ್ನಲು ಒಂದು ಪ್ರಸಿದ್ಧ ಕಥೆಯುಂಟು. 1878ರಲ್ಲಿ ಮೆನ್ಲೊ ಪಾರ್ಕಿನ ಪ್ರಯೋಗಶಾಲೆಯನ್ನು ಸೇರಿದ ಗಣಿತಜ್ಞ ಫ್ರಾನ್ಸಿಸ್ ಅಪ್ಟನ್ನನಿಗೆ ಒಂದು ಗಾಜಿನ ಬುರುಡೆಯನ್ನು ಕೊಟ್ಟು, ಅದರ ಒಳಗಾತ್ರವನ್ನು ಕಂಡುಹಿಡಿಯಲು ಹೇಳಿದನಂತೆ. ಅಪ್ಟನ್ ಬಹಳ ಹೊತ್ತು ಲೆಕ್ಕಹಾಕುತ್ತಿರಲು, ಎಡಿಸನ್ ಅದರಲ್ಲಿ ನೀರು ತುಂಬಿ ಅಳೆದು ತೋರಿಸಿದನಂತೆ.

ಆ ಎಡಿಸನ್ನನೇ ಮುಪ್ಪಿನಲ್ಲಿ ನೆನಪಿಗೆ ಅಷ್ಟು ಬೆಲೆ ಕೊಟ್ಟುದೇಕೆ? ತನ್ನ ಕೈಕೆಳಗಿನವರಿಂದ ತನಗೆ ತತ್‌ಕ್ಷಣದ ನಿರ್ಣಯ ಬೇಕು. ಕಂಡುಕೇಳಿದ ಸಣ್ಣ ಸಂಗತಿಗಳನ್ನು ಮರೆತವನು ಕಾರ್ಖಾನೆಯ ದೊಡ್ಡ ಸಂಗತಿಯನ್ನೂ ಮರೆತು ನಷ್ಟ ತರುವನು—ಇದು ಅವನ ಸಮರ್ಥನೆ. ಕಾಲೇಜುಗಳು ತನಗೆ ಅಜ್ಞಾನಿಗಳನ್ನು ಕಳುಹಿಸುತ್ತಿವೆಯೆಂದು ಬಹಿರಂಗವಾಗಿಯೇ ದೂರಿದನು.

1921ರ ಮೇ ತಿಂಗಳಿನಲ್ಲಿ ತಿರಸ್ಕೃತನಾದ ಅಭ್ಯರ್ಥಿಯೊಬ್ಬನು ಅನೇಕ ಪ್ರಶ್ನೆಗಳನ್ನು ನೆನಪಿನಿಂದಲೇ ಪತ್ರಿಕೆಗೆ ಒಪ್ಪಿಸಿದನು. ನೆನಪಿನ ಪರೀಕ್ಷೆಯಲ್ಲಿ ಸೋತವನ ನೆನಪು ಸಾಮಾನ್ಯವಾದುದಾಗಿರಲಿಲ್ಲವೆಂಬುದು ವಿಚಾರಾರ್ಹ! ಅದೇ ತಿಂಗಳು ಬಾಸ್ಟನ್ನಿಗೆ ಬಂದಿದ್ದ ಐನ್‌ಸ್ಟೈನರನ್ನು ಪತ್ರಕರ್ತರು ಶಬ್ದದ ವೇಗವೆಷ್ಟೆಂದು ಕೇಳಿದರು. ಪುಸ್ತಕದಲ್ಲಿ ಸುಲಭವಾಗಿ ದೊರೆಯುವುದನ್ನು ತಾವು ತಲೆಯಲ್ಲಿ ಹೊತ್ತು ತಿರುಗುವುದಿಲ್ಲವೆಂದೂ, ಕಾಲೇಜು ಶಿಕ್ಷಣದ ಬೆಲೆಯಿರುವುದು ಚಿಂತನೆಯ ತರಬೇತಿನಲ್ಲೆಂದೂ ಅವರು ಹೇಳಿದರು. ಅಧ್ಯಾಪಕರಿಗೆ ಪ್ರಿಯವಾಗುವ ಉತ್ತರವಿದು. ಆದರೂ ಎಡಿಸನ್ನನ ಮಾತನ್ನು ಪೂರ್ಣವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಏನೂ ನೆನಪಿಲ್ಲದವನಿಗೆ ಯಾವ ಪುಸ್ತಕವನ್ನು ತೆರೆಯಬೇಕೆಂಬುದಾದರೂ ಹೇಗೆ ತೋಚೀತು? ಪ್ರಶ್ನೆಗಳು ಉತ್ತರಸಹಿತ ಮುದ್ರಣವಾದ ಮೇಲೆ ಹಳೆಯ ಪಟ್ಟಿ ನಿರುಪಯುಕ್ತವಾಯಿತು. ಎಡಿಸನ್ ಹೊಸ ಪ್ರಶ್ನೆಗಳನ್ನು ರಚಿಸತೊಡಗಿದನು.