ಅರ್ಧಕ್ಕರ್ಧ ಇಳಿದರೆ ಲಸಿಕೆ ಗೆದ್ದಂತೆಯೇ?

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣ್ಣೆಯಿಂದ ಹರಡುವ ಜ್ವರವೇ ಮಂಗನ ಕಾಯಿಲೆ. ಅದಕ್ಕೆ ಕೊಡುತ್ತಿದ್ದ ಲಸಿಕೆ ನಿಜಕ್ಕೂ ಕೆಲಸ ಮಾಡಿತೇ?

ಒಂದು ಊರಿನಲ್ಲಿ ಹೋದ ವರ್ಷ ನಾಲ್ವರಿಗೆ ಜ್ವರ ಬಂದು, ಈ ವರ್ಷ ಇಬ್ಬರಿಗೆ ಬಂತು ಎನ್ನಿ. ಕಾಯಿಲೆ ಅರ್ಧಕ್ಕಿಳಿಯಿತು ಎಂದು ಬೀಗುವಂತಿಲ್ಲ. ಅಂಥ ಸಣ್ಣ ಸಂಖ್ಯೆಗಳು ತಾವಾಗಿಯೇ ಏರಿಳಿಯುತ್ತವೆ. ಮಳೆ, ಉಣ್ಣೆಗಳ ಸಂಖ್ಯೆ, ಜನ ಕಾಡಿಗೆ ಹೋಗುವ ರೂಢಿ, ಎಲ್ಲವೂ ಲೆಕ್ಕ ಕೆಡಿಸಬಲ್ಲವು.

ಆದ್ದರಿಂದ ಸಂಶೋಧಕರು ಒಂದೇ ಕಾಲದಲ್ಲಿ, ಒಂದೇ ಪ್ರದೇಶದಲ್ಲಿ, ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸುತ್ತಾರೆ. ಜ್ವರ ಬಂದವರ ರಕ್ತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಕಾಯಿಲೆ ಖಚಿತವಾದವರನ್ನು ಮಾತ್ರ ಎಣಿಸುತ್ತಾರೆ.

ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ದಾಖಲೆಗಳನ್ನು ಹೀಗೆ ಪರಿಶೀಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62.4. ಬೂಸ್ಟರ್ ಸೇರಿದರೆ ಶೇ. 82.9. ಆದರೆ ಪ್ರತಿ ಅಂಕಿಯ ಪಕ್ಕದಲ್ಲಿ ಇನ್ನೊಂದು ಜೋಡಿ ಅಂಕಿಯಿತ್ತು: ಮೊದಲನೆಯದಕ್ಕೆ 26ರಿಂದ 81, ಎರಡನೆಯದಕ್ಕೆ 71ರಿಂದ 90. ಲಭ್ಯ ಮಾಹಿತಿಗೆ ಹೊಂದುವ ನಿಜವಾದ ರಕ್ಷಣೆ ಈ ಮಿತಿಗಳೊಳಗೆ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ.

ಎರಡೂ ವ್ಯಾಪ್ತಿಗಳು ಸೊನ್ನೆಯನ್ನು ಮುಟ್ಟುವುದಿಲ್ಲ. ಹಾಗಾಗಿ ಇದು ಬರೀ ಕಾಕತಾಳೀಯ ಎನ್ನುವುದು ಕಷ್ಟ. ಆದರೆ 26 ಮತ್ತು 81ರ ನಡುವಿನ ಅಂತರ ದೊಡ್ಡದು. ಅಷ್ಟೇ ಅಲ್ಲ, ಲಸಿಕೆ ಪಡೆದವರ ಪ್ರಮಾಣವೂ ಕಡಿಮೆಯಿತ್ತು ಎಂದು ಅದೇ ಅಧ್ಯಯನ ತೋರಿಸಿತು. ಮುಂದೆ ಲಸಿಕೆಯ ಸಾಮರ್ಥ್ಯದ ಬಗ್ಗೆ ಪ್ರಶ್ನೆಗಳೆದ್ದು, 2022ರಲ್ಲಿ ಅದರ ಬಳಕೆ ನಿಂತಿತು.