ಚರ್ಮದ ಶಾಖ ಹೇಳುವ ಕಾಯಿಲೆ

ಹಣೆಯ ಮೇಲೆ ಅಂಗೈಯಿಟ್ಟು ಜ್ವರವನ್ನು ಅರಿಯುವುದು ನಮ್ಮ ಮನೆಗಳ ಹಳೆಯ ವಿದ್ಯೆ. ಅದೇ ವಿದ್ಯೆಯನ್ನು ಚರ್ಮದ ಮೇಲಿನ ಮಚ್ಚೆಯೊಂದಕ್ಕೆ ಅನ್ವಯಿಸಿ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯುವ ಪ್ರಯತ್ನವನ್ನು ವಿಜ್ಞಾನಿಗಳು ನಡೆಸಿದ್ದಾರೆ. ಮೊದಲ ನೋಟಕ್ಕೆ ಸರಳವೆನಿಸುವ ಈ ಪ್ರಯತ್ನದ ಹಿಂದೆ ದೀರ್ಘ ಇತಿಹಾಸವಿದೆ.

1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು, ಕೆಂಪು ಬಣ್ಣದ ಆಚೆಗೆ ಉಷ್ಣಮಾಪಕವನ್ನಿಟ್ಟಾಗ ಪಾದರಸ ಏರಿತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಪತ್ತೆಯಾದದ್ದು ಹೀಗೆ. ನಮ್ಮ ದೇಹವೂ ಈ ಕಿರಣಗಳನ್ನು ಸದಾ ಹೊರಸೂಸುತ್ತಿರುತ್ತದೆ. ಕೆನಡಾದ ವೈದ್ಯ ರೇ ಲಾಸನ್ 1956ರಲ್ಲಿ, ಸ್ತನ ಕ್ಯಾನ್ಸರ್ ಇರುವೆಡೆ ಚರ್ಮದ ಶಾಖ ಹೆಚ್ಚಿರುವುದನ್ನು ದಾಖಲಿಸಿದರು. ವೇಗವಾಗಿ ಬೆಳೆಯುವ ಗಡ್ಡೆ ಹೆಚ್ಚು ರಕ್ತವನ್ನು ಸೆಳೆದುಕೊಳ್ಳುತ್ತದೆ. ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಶಾಖಕ್ಕೆ ಕಾರಣ ಇದೇ.

ಆದರೆ ಸಣ್ಣ ಮಚ್ಚೆಯೊಂದರ ಶಾಖ ಸುತ್ತಲಿನ ಚರ್ಮಕ್ಕಿಂತ ಅತ್ಯಲ್ಪವಷ್ಟೇ ಭಿನ್ನ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಸಿಲಾ ಹರ್ಮನ್ ಅವರ ತಂಡ 2010ರ ಸುಮಾರಿಗೆ ಇದಕ್ಕೊಂದು ಉಪಾಯ ಕಂಡುಕೊಂಡಿತು. ಚರ್ಮವನ್ನು ತಣ್ಣನೆಯ ಗಾಳಿಯಿಂದ ಸುಮಾರು ಒಂದು ನಿಮಿಷ ತಂಪಾಗಿಸಿ, ಅದು ಮತ್ತೆ ಬೆಚ್ಚಗಾಗುವುದನ್ನು ಶಾಖಚಿತ್ರ ಕ್ಯಾಮೆರಾದಲ್ಲಿ ಸೆರೆಹಿಡಿಯುವುದೇ ಆ ಉಪಾಯ. ಮೆಲನೋಮಾ ಎಂಬ ಮಾರಕ ಚರ್ಮದ ಕ್ಯಾನ್ಸರಿನ ಜೀವಕೋಶಗಳು ನೆರೆಹೊರೆಯ ಆರೋಗ್ಯವಂತ ಕೋಶಗಳಿಗಿಂತ ಬೇಗ ಬಿಸಿಯೇರುತ್ತವೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ದುಬಾರಿ ಕ್ಯಾಮೆರಾದ ಬದಲು ಅಗ್ಗದ ಥರ್ಮಿಸ್ಟರುಗಳನ್ನು ಬಳಸಿ ಇದೇ ತತ್ವದ ಉಪಕರಣವನ್ನು ರೂಪಿಸಿ, 2017ರ ಜೇಮ್ಸ್ ಡೈಸನ್ ಅಂತರರಾಷ್ಟ್ರೀಯ ಪ್ರಶಸ್ತಿ ಗಳಿಸಿದರು.

ಇದು ಬಿಳಿಯರ ಕಾಯಿಲೆ, ನಮಗೇಕೆ ಎಂದು ಕೇಳುವವರಿದ್ದಾರೆ. ಮೆಲನೋಮಾ ನಮ್ಮಲ್ಲಿ ವಿರಳವೆಂಬುದು ನಿಜ. ಆದರೆ ಬಂದಾಗ ಅದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಅಡಗಿರುತ್ತದೆ, ತಡವಾಗಿ ಗೊತ್ತಾಗುತ್ತದೆ. ಸಂಗೀತಗಾರ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಆರಂಭವಾದ ಮೆಲನೋಮಾದಿಂದಲೇ. ಇಲ್ಲಿ ಶಾಖಚಿತ್ರಕ್ಕೊಂದು ಹಿರಿಮೆಯಿದೆ. ಈ ಕ್ಯಾಮೆರಾ ಗುರುತಿಸುವ ಕಿರಣಗಳನ್ನು ಹೊರಸೂಸುವುದರಲ್ಲಿ ಕಪ್ಪು ಚರ್ಮಕ್ಕೂ ಬಿಳಿ ಚರ್ಮಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬಣ್ಣಭೇದವನ್ನರಿಯದ ಯಂತ್ರವಿದು.

ಅಷ್ಟಕ್ಕೇ ಊರೂರಿಗೂ ಯಂತ್ರ ಹಂಚೋಣವೆಂದು ಹೊರಡುವುದು ಅವಸರವಾದೀತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ಸರಳ ಲೆಕ್ಕ ಮುಖ್ಯವೆನಿಸುತ್ತದೆ. ಹತ್ತು ಸಾವಿರ ಮಂದಿಯಲ್ಲಿ ಹತ್ತು ಜನಕ್ಕೆ ಕಾಯಿಲೆಯಿದೆ, ಯಂತ್ರ ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಅದು ಒಂಬತ್ತು ರೋಗಿಗಳನ್ನು ಗುರುತಿಸುತ್ತದೆ. ಜೊತೆಗೆ 999 ಆರೋಗ್ಯವಂತರನ್ನೂ ರೋಗಿಗಳೆನ್ನುತ್ತದೆ. ಒಬ್ಬ ರೋಗಿಯನ್ನು ನಿಶ್ಚಿಂತೆಯಿಂದ ಮನೆಗೆ ಕಳುಹಿಸುತ್ತದೆ. ಬದಲಾಗಿ, ವೈದ್ಯರು ಮೊದಲೇ ಅನುಮಾನಿಸಿದ ನೂರು ಜನರಿಗಷ್ಟೇ ಪರೀಕ್ಷೆ ನಡೆಸಿ, ಅವರಲ್ಲಿ ಹತ್ತು ರೋಗಿಗಳಿದ್ದರೆ, ಯಂತ್ರ ಹೆಸರಿಸುವ ಹದಿನೆಂಟು ಮಂದಿಯಲ್ಲಿ ಒಂಬತ್ತು ಜನ ನಿಜವಾದ ರೋಗಿಗಳು. ಯಂತ್ರ ಅದೇ, ಬಳಸುವ ವಿವೇಕ ಬೇರೆ.

ಸ್ತನ ಕ್ಯಾನ್ಸರಿನ ವಿಷಯದಲ್ಲಿ ಶಾಖಚಿತ್ರವು ಮ್ಯಾಮೊಗ್ರಾಂಗೆ ಬದಲಿಯಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತ್ತು. ಬೆಂಗಳೂರಿನಲ್ಲಿ 2016ರಲ್ಲಿ ಸ್ಥಾಪನೆಯಾದ ನಿರಾಮಯ್ ಸಂಸ್ಥೆ ಶಾಖಚಿತ್ರಕ್ಕೆ ಕೃತಕ ಬುದ್ಧಿಮತ್ತೆಯನ್ನು ಜೋಡಿಸಿ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ತೊಡಗಿದೆ. ಇಂಥ ಕೌಶಲ ನಮ್ಮ ನಗರದಲ್ಲೇ ಇರುವುದು ಹೆಮ್ಮೆಯ ಸಂಗತಿ. ಚರ್ಮದ ಕಾಯಿಲೆಗೂ ಅದು ಒದಗಬೇಕಾದರೆ ನಮ್ಮ ಜನರ ಅಂಗಾಲು ಅಂಗೈಗಳ ಮೇಲೆಯೇ ಪ್ರಯೋಗಗಳು ನಡೆಯಬೇಕು.

ಸರ್ಕಾರಿ ಸೇವೆಯಲ್ಲಿ ಖರೀದಿ ಕಡತಗಳನ್ನು ನೋಡಿದ ನಾನು ಬಲ್ಲೆ: ಯಂತ್ರಕ್ಕೆ ಹಣ ಸುಲಭವಾಗಿ ಮಂಜೂರಾಗುತ್ತದೆ, ಅದನ್ನು ನಡೆಸುವ ತಂತ್ರಜ್ಞನ ಹುದ್ದೆಗೆ ಆಗುವುದಿಲ್ಲ. ಶಾಖಚಿತ್ರ ಸುಳಿವು ಕೊಡಬಲ್ಲದು. ತೀರ್ಪು ಕೊಡುವುದು ಬಯಾಪ್ಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮವೈದ್ಯರೂ ರೋಗನಿದಾನ ತಜ್ಞರೂ ಇಲ್ಲದಿದ್ದರೆ ಸುಳಿವು ಬರಿಯ ಭಯವಾಗಿ ಉಳಿಯುತ್ತದೆ. ಆ ಹುದ್ದೆಗಳು ಮೊದಲು ಭರ್ತಿಯಾಗಲಿ, ಯಂತ್ರ ಆಮೇಲೆ ಬರಲಿ. ಅಲ್ಲಿಯವರೆಗೆ ಖರ್ಚಿಲ್ಲದ ಉಪಾಯವೊಂದಿದೆ: ತಿಂಗಳಿಗೊಮ್ಮೆ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುವುದು, ಬೆಳೆಯುತ್ತಿರುವ ಕಪ್ಪು ಮಚ್ಚೆ ಕಂಡರೆ ವೈದ್ಯರಿಗೆ ತೋರಿಸುವುದು.