ಬಾಕಿಗೆ ಬಿದ್ದ ರಾಯಚೂರು

1853ರಿಂದ 1860ರವರೆಗೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಒತ್ತೆಯಿಟ್ಟ ಒಡವೆಯಂತೆ ಬ್ರಿಟಿಷರ ಕೈಯಲ್ಲಿತ್ತು. ಯುದ್ಧ ನಡೆದಿರಲಿಲ್ಲ, ಯಾರೂ ಸೋತಿರಲಿಲ್ಲ. ನಿಜಾಮರು ಸಿಪಾಯಿಗಳ ಸಂಬಳ ಬಾಕಿ ಉಳಿಸಿಕೊಂಡಿದ್ದರು, ಅಷ್ಟೇ. ನಮ್ಮ ಕಡೆ ಈ ಕತೆಯನ್ನು ಅದೇ ಬಾಕಿಗೆ ಹೋದ ಬೇರಾರಿನ ಕತೆಯ ಬಾಲವಾಗಿ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದೇ ರೂಢಿ. ಬಾಕಿ ಪಟ್ಟಿಯ ಮೊದಲ ಹಾಳೆ ಹುಡುಕುತ್ತ ಹೋದರೆ ಹೈದರಾಬಾದಿನ ಕೋಠಿಗೆ ಬಂದು ನಿಲ್ಲಬೇಕಾಗುತ್ತದೆ.

ಮುಂದೆ ಮಹಿಳಾ ಕಾಲೇಜಾದ, ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ರೆಸಿಡೆನ್ಸಿಯ ನೆರಳಿನಲ್ಲೇ ವಿಲಿಯಂ ಪಾಮರ್‌ನ ವಹಿವಾಟು ಬೆಳೆಯಿತು. ತಂದೆ ಜನರಲ್ ಪಾಮರ್, ತಾಯಿ ಫೈಜ್ ಬಕ್ಷ್ ಬೇಗಂ. ನಿಜಾಮರ ಸೈನ್ಯದಲ್ಲಿದ್ದವನು ಅದನ್ನು ಬಿಟ್ಟು ವ್ಯಾಪಾರಕ್ಕಿಳಿದ. ಗೋದಾವರಿಯಲ್ಲಿ ಮರದ ದಿಮ್ಮಿ ತೇಲಿಸಿ ಹಡಗು ಕಟ್ಟುವವರಿಗೆ ಮಾರುವ ಕನಸೂ ಇತ್ತು. ಆದರೆ ಮರಕ್ಕಿಂತ ರೊಕ್ಕದ ಪೂರೈಕೆಯಲ್ಲಿ ಲಾಭ ಹೆಚ್ಚು ಎಂಬುದು ಅವನಿಗೆ ಬೇಗ ತಿಳಿಯಿತು. ಬೇರಾರ್, ಔರಂಗಾಬಾದ್ ಕಡೆಯ ಪಡೆಗಳಿಗೆ ತಿಂಗಳು ತಿಂಗಳು ಸಂಬಳದ ಹಣ ಒದಗಿಸುವುದು ಪಾಮರ್ ಕಂಪನಿಯ ಕೆಲಸ. ಪ್ರತಿಯಾಗಿ ಕೆಲವು ತಾಲ್ಲೂಕುಗಳ ಕಂದಾಯವನ್ನು ಅವರಿಗೆ ಬಿಟ್ಟುಕೊಡುವುದು ದಿವಾನಗಿರಿ ನಡೆಸುತ್ತಿದ್ದ ಚಂದೂಲಾಲ್‌ನ ಹೊಣೆ. ಕಂದಾಯ ತಡವಾದರೆ ನೂರಕ್ಕೆ 24, 25ರ ಬಡ್ಡಿ. ಊರಿನ ಸಾಹುಕಾರರ ದರವೂ ಅಷ್ಟೇ ಎನ್ನುವುದು ಪಾಮರ್ ಪಕ್ಷದವರ ಸಮರ್ಥನೆ.

ಕಾನೂನು ಬೇರೆಯೇ ಹೇಳುತ್ತಿತ್ತು. ಭಾರತದಲ್ಲಿರುವ ಬ್ರಿಟಿಷ್ ಪ್ರಜೆ ನೂರಕ್ಕೆ 12ರ ಮೇಲೆ ಬಡ್ಡಿ ಪಡೆಯಕೂಡದು ಎಂದು 1773ರ ಕಾಯ್ದೆ. ಅನುಮತಿಯಿಲ್ಲದೆ ದೇಶೀ ರಾಜರಿಗೆ ಯುರೋಪಿಯನ್ನರು ಸಾಲ ಕೊಡಕೂಡದು ಎಂದು 1797ರ ಕಾಯ್ದೆ. 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಆ ಅನುಮತಿ ಬರೆದುಕೊಟ್ಟ. ಪಾಮರ್‌ನ ಪಾಲುದಾರ ಸರ್ ವಿಲಿಯಂ ರಂಬೋಲ್ಡ್‌ನ ಹೆಂಡತಿ ಹೇಸ್ಟಿಂಗ್ಸ್‌ನ ಮನೆಯಲ್ಲೇ ಬೆಳೆದವಳು. ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬಹುದು, ಆಗಿನ ಕಲ್ಕತ್ತೆಯೂ ಊಹಿಸಿಕೊಂಡಿತು.

1820ರ ಕೊನೆಗೆ ಚಾರ್ಲ್ಸ್ ಮೆಟ್ಕಾಫ್ ರೆಸಿಡೆಂಟನಾಗಿ ಬಂದ. ಅದಕ್ಕೆ ಕೆಲವೇ ತಿಂಗಳ ಹಿಂದೆ ನಿಜಾಮ ಸರ್ಕಾರಕ್ಕೆ 60 ಲಕ್ಷದ ದೊಡ್ಡ ಸಾಲ ಮಂಜೂರಾಗಿತ್ತು. ಲೆಕ್ಕದ ಪುಸ್ತಕ ಬಿಡಿಸಿ ಕೂತ ಮೆಟ್ಕಾಫ್‌ಗೆ ಕಂಡದ್ದು ಹೊಸ ಹಣವಲ್ಲ. ಹಳೇ ಬಾಕಿ ಒಂದು ಪುಟದಿಂದ ಎದ್ದು ಇನ್ನೊಂದು ಪುಟದಲ್ಲಿ ಕೂತಿತ್ತು, ದಾರಿಯಲ್ಲಿ ಪಾಲುದಾರರಿಗೆ 8 ಲಕ್ಷದ ಬೋನಸ್ ಸೇರಿಕೊಂಡಿತ್ತು. ಮುಂದಿನ ಜಗಳದ ಕಾಗದಪತ್ರ ರಾಶಿ ರಾಶಿ ಇದೆ, ಬಹುಪಾಲು ಓದಿಸಿಕೊಳ್ಳುವಂಥದ್ದಲ್ಲ. ಹೇಸ್ಟಿಂಗ್ಸ್ ಊರಿಗೆ ಹೊರಟ ಮೇಲೆ, 1823ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ತಾನೇ ಸಾಲ ತೀರಿಸಿತು. ಪುಕ್ಕಟೆಯಾಗಿ ಅಲ್ಲ. ಉತ್ತರ ಸರ್ಕಾರಗಳೆಂಬ ಕರಾವಳಿ ಸೀಮೆಗಾಗಿ ನಿಜಾಮರಿಗೆ ವರ್ಷಕ್ಕೆ 7 ಲಕ್ಷ ಪೇಷ್ಕಶ್ ಕೊಡಬೇಕಿತ್ತಲ್ಲ, ಅದನ್ನು ಒಂದು ಕೋಟಿ 16 ಲಕ್ಷ ಚಿಲ್ಲರೆಗೆ ಶಾಶ್ವತವಾಗಿ ಚುಕ್ತಾ ಮಾಡಿಕೊಂಡಿತು. ಮರುವರ್ಷ ಪಾಮರ್ ಕಂಪನಿ ಬಾಗಿಲು ಮುಚ್ಚಿತು.

ಆಮೇಲೆ ಇಂಗ್ಲೆಂಡಿನ ನ್ಯಾಯಾಧೀಶರು ಅಭಿಪ್ರಾಯ ಕೊಟ್ಟರು: ದೇಶೀ ಸಂಸ್ಥಾನದಲ್ಲಿ ನೆಲೆಸಿದವರಿಗೆ 12ರ ಮಿತಿ ಅನ್ವಯಿಸದು! ಅಂದರೆ ಆ ಬಡ್ಡಿ ಕಾನೂನುಬಾಹಿರವೇ ಆಗಿರಲಿಲ್ಲ. ಪಾಮರ್‌ನ ಹಕ್ಕಿನ ಬಗ್ಗೆ ಹೈದರಾಬಾದಿಗೆ ಬರೆಯಬೇಕಿದ್ದ ಪತ್ರವೊಂದನ್ನು ಕಳಿಸಲು ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳು ಒಪ್ಪದೆ, 1833ರಲ್ಲಿ ಲಂಡನ್ನಿನ ಕಿಂಗ್ಸ್ ಬೆಂಚ್ ನ್ಯಾಯಾಲಯ ಮ್ಯಾಂಡಮಸ್ ರಿಟ್ ಹೊರಡಿಸಬೇಕಾಯಿತು. ಡೈರೆಕ್ಟರುಗಳು ಗೊಣಗುತ್ತ ಸಹಿ ಹಾಕಿದರು. ಪಾಮರ್ ಹೈದರಾಬಾದ್ ಬಿಡಲಿಲ್ಲ, 1867ರಲ್ಲಿ ಅಲ್ಲೇ ತೀರಿಕೊಂಡ.

ನನಗೆ ಈ ಕತೆಯಲ್ಲಿ ಹೆಚ್ಚು ಹಿಡಿಸಿದವನು ಪಾಮರ್‌ನ ಅಳಿಯ. ಸುರಪುರದವರಿಗೆ ಅವನ ಪರಿಚಯ ಮಾಡಿಕೊಡಬೇಕಿಲ್ಲ. ಅಲ್ಲಿನ ಗುಡ್ಡದ ಮೇಲೆ ಇವತ್ತಿಗೂ ಟೇಲರ್ ಮಂಜಿಲ್ ಇದೆ. ಮೆಡೋಸ್ ಟೇಲರ್ ಬೊಂಬಾಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹುಡುಗನಾಗಿ ಹಡಗು ಹತ್ತಿದವನು. ಬಂದು ನೋಡಿದರೆ ಆ ವ್ಯಾಪಾರ ಮುಳುಗುವ ಹಂತದಲ್ಲಿತ್ತು. ಹಾಗಾಗಿ ನಿಜಾಮರ ಪಡೆ ಸೇರಿದ, ಪಾಮರ್‌ನ ಮಗಳನ್ನು ಮದುವೆಯಾದ, ಸುರಪುರದ ಎಳೆಯ ರಾಜನ ಪರವಾಗಿ ವರ್ಷಗಟ್ಟಲೆ ಆಡಳಿತ ನಡೆಸಿದ. ನಿಜಾಮರ ಬಾಕಿಯಲ್ಲಿ ಮಾವ ದಿವಾಳಿಯೆದ್ದ. ಅದೇ ನಿಜಾಮರ ಇನ್ನೊಂದು ಬಾಕಿಗಾಗಿ 1853ರಲ್ಲಿ ಕೈಬದಲಾದ ನಳದುರ್ಗ ಸೀಮೆಗೆ ಅಳಿಯ ಅಧಿಕಾರಿಯಾಗಿ ಹೋದ.

ಈ ಎರಡನೆಯ ಬಾಕಿಯಲ್ಲಿ ಸಾಹುಕಾರ ಸ್ವತಃ ಕಂಪನಿ. ರೆಸಿಡೆಂಟ್ ಹೆನ್ರಿ ರಸೆಲ್ ಕಟ್ಟಿದ ಪಡೆ ಮುಂದೆ ಹೈದರಾಬಾದ್ ಕಂಟಿಂಜೆಂಟ್ ಆಯಿತು. ಅಧಿಕಾರಿಗಳು ಬ್ರಿಟಿಷರು, ಸಂಬಳ ನಿಜಾಮರದು. ಶಾಂತಿಕಾಲದಲ್ಲೂ ಇಂಥ ಪಡೆ ಸಾಕಬೇಕೆಂದು 1800ರ ಒಪ್ಪಂದದಲ್ಲಿ ಎಲ್ಲಿಯೂ ಇರಲಿಲ್ಲ. ಸಂಬಳ ತಡವಾದಾಗಲೆಲ್ಲ ಕಂಪನಿ ತನ್ನ ಖಜಾನೆಯಿಂದ ಕೊಟ್ಟು, ಬಡ್ಡಿ ಸಮೇತ ಬರೆದಿಟ್ಟುಕೊಂಡಿತು. ಮೊತ್ತ 40 ಲಕ್ಷ ದಾಟಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ ನೆಲ ಕೇಳಿದ. ನಿಜಾಮ ನಾಸಿರುದ್ದೌಲ ಒಪ್ಪಲಿಲ್ಲ. 1853ರ ಮೇ ತಿಂಗಳಲ್ಲಿ ಸಹಾಯಕ ರೆಸಿಡೆಂಟ್ ಮೇಜರ್ ಡೇವಿಡ್‌ಸನ್, ಪುಣೆಯ ಗೋರಾ ಪಲ್ಟನ್‌ಗಳಿಗೆ ಹೈದರಾಬಾದಿನತ್ತ ಹೊರಡಲು ಸಿದ್ಧರಿರುವಂತೆ ಹುಕುಂ ಆಗಿದೆ ಎಂದು ದಿವಾನ ಸಿರಾಜುಲ್ ಮುಲ್ಕ್‌ಗೆ ಚೀಟಿ ಬರೆದ. ವಾರದೊಳಗೆ ಸಹಿ ಬಿತ್ತು. ಬೇರಾರ್, ನಳದುರ್ಗದ ಕಡೆಯ ಸೀಮೆ, ರಾಯಚೂರು ದೋಆಬ್ ಮೂರೂ ಹೋದವು. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿ ಮಿಕ್ಕ ಹಣ ಮರಳಿಸುವುದಾಗಿ ಕಂಪನಿ ಮಾತು ಕೊಟ್ಟಿತು.

ಸಾಲಗಾರ ತಪ್ಪಿದನೆಂದೂ ದಂಡ ಎಷ್ಟೆಂದೂ ಸಾಲ ಕೊಟ್ಟವನೇ ತೀರ್ಮಾನಿಸಿದರೆ ಹೀಗಾಗುತ್ತದೆ. ಕರಾರು ಕಾಯ್ದೆ ಬಂದದ್ದು 1872ರಲ್ಲಿ. ಅದರ 74ನೇ ಕಲಮಿನ ಪ್ರಕಾರ ಕಾಗದದಲ್ಲಿ ಬರೆದ ದಂಡದ ಮೊತ್ತ ಮೇಲ್ಮಿತಿ ಮಾತ್ರ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನಷ್ಟೆ. ತಪ್ಪಾಗಿದೆಯೇ ಎಂದು ತೀರ್ಮಾನಿಸುವವರು ಯಾರು ಎಂಬ ಇನ್ನರ್ಧಕ್ಕೆ ನಮ್ಮ ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ ನೆನಪಾಗುತ್ತದೆ. ಅಕ್ಕಿ ಗಿರಣಿಗಳೊಂದಿಗಿನ ಕರಾರು ಮುರಿದಿದೆಯೆಂದು ರಾಜ್ಯ ಸರ್ಕಾರ ತಾನೇ ನಿರ್ಧರಿಸಿ, ತಾನೇ ನಷ್ಟ ಕಟ್ಟಿ, ಕಂದಾಯ ಬಾಕಿಯಂತೆ ವಸೂಲಿಗೆ ಹೊರಟಿತ್ತು. ಕರಾರಿನ ಒಂದು ಪಕ್ಷ ತನ್ನ ವ್ಯಾಜ್ಯಕ್ಕೆ ತಾನೇ ಪಂಚನಾಗಲಾರದು ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಗಿರಣಿಯ ಪರವಾಗಿ ತೀರ್ಪಿತ್ತಿತು. ನಾಸಿರುದ್ದೌಲನಿಗೆ ಅಂಥ ಕೋರ್ಟು ಎಲ್ಲಿತ್ತು?

ಎದುರು ಲೆಕ್ಕವಂತೂ ಅವನ ಬಳಿ ಇತ್ತು. ಸಿಕಂದರಾಬಾದ್, ಜಾಲ್ನಾ ದಂಡುಗಳ ಅಬಕಾರಿ ಹಣವನ್ನು ಕಂಪನಿ ಸುಮಾರು ನಾಲ್ಕು ದಶಕ ತಾನೇ ಇಟ್ಟುಕೊಂಡಿತ್ತು. ಅದನ್ನು ಜಮಾ ಹಿಡಿದಿದ್ದರೆ ಬಾಕಿ ಬಹುತೇಕ ಸೊನ್ನೆ. ಹಾಗೆ ನೋಡಿದರೆ ನಿಜಾಮರಿಂದ ನಮಗೆ ನ್ಯಾಯವಾಗಿ ಬರಬೇಕಾದದ್ದು ಏನೂ ಇರಲಿಲ್ಲ ಎಂದು 1860ರ ಅಕ್ಟೋಬರಿನಲ್ಲಿ ಕಲ್ಕತ್ತೆಗೆ ಬರೆದವನು, ಆ ಹೊತ್ತಿಗೆ ರೆಸಿಡೆಂಟನಾಗಿದ್ದ ಅದೇ ಡೇವಿಡ್‌ಸನ್.

ಆ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಯಿತು. ರಾಯಚೂರು, ನಳದುರ್ಗ ಮರಳಿದವು, 50 ಲಕ್ಷ ಮಾಫಿಯಾಯಿತು, 1857ರ ನಿಷ್ಠೆಗೆ ಬಹುಮಾನವೆಂದು ಸುರಪುರವೂ ನಿಜಾಮರಿಗೆ ಸಿಕ್ಕಿತು. ಬೇರಾರನ್ನು ಬ್ರಿಟಿಷರು ಉಳಿಸಿಕೊಂಡರು. ಹಿಂದಿನ ವರ್ಷಗಳ ಲೆಕ್ಕವನ್ನು ನಿಜಾಮರು ಇನ್ನು ಕೇಳುವಂತಿಲ್ಲ ಎಂಬ ಕಲಮನ್ನೂ ಸೇರಿಸಿದರು. ನಿಜಾಮರ ದಿವಾನ ಸಾಲಾರ್ ಜಂಗ್ 1876ರಲ್ಲಿ ಲಂಡನ್ನಿನವರೆಗೆ ಹೋದರೂ ಬೇರಾರ್ ಮರಳಲಿಲ್ಲ. 1902ರಲ್ಲಿ ವೈಸರಾಯ್ ಕರ್ಜನ್ ಅದನ್ನು ವರ್ಷಕ್ಕೆ 25 ಲಕ್ಷದ ಕಾಯಂ ಗುತ್ತಿಗೆಗೆ ಬರೆಸಿಕೊಂಡ.